ಚಿತ್ರಗಳನ್ನೂ ಓದಿ

ಕಾಮಿಕ್ಸ್ ಮಕ್ಕಳಿಗಷ್ಟೇ ಅಂದುಕೊಂಡವರು ಜೆಫ್ ಲೆಮೈರ್ ಬರೆದ ‘ಡಿಸೆಂಡರ್’ ಅನ್ನು ಒಮ್ಮೆ ಕೈಗೆತ್ತಿಕೊಳ್ಳಿ. 2015ರಿಂದ 2018ರವರೆಗೆ ಬಂದ ಕಥೆ, ಆರು ಸಂಪುಟಗಳಲ್ಲಿ ಸಿಗುತ್ತದೆ. ಗಣಿ ಕಾಲೊನಿಯೊಂದರಲ್ಲಿ ಟಿಮ್-21 ಎಂಬ ರೋಬಾಟ್ ಹುಡುಗ ಹತ್ತು ವರ್ಷದ ನಿದ್ದೆಯಿಂದ ಏಳುತ್ತಾನೆ. ಸುತ್ತ ಒಬ್ಬರೂ ಬದುಕಿಲ್ಲ. ಅವನಿಗಿರುವ ಚಿಂತೆ ಒಂದೇ, ಜೊತೆಗಿದ್ದ ಆಂಡಿ ಎಲ್ಲಿ? ಹೊರಗೆ ನೋಡಿದರೆ ರೋಬಾಟ್‌ಗಳನ್ನು ಕಂಡಲ್ಲಿ ಮುಗಿಸುವ ಕಾಲ. ಡಸ್ಟಿನ್ ನ್ಯೂಯೆನ್ ಇದರ ಚಿತ್ರಗಳನ್ನು ಜಲವರ್ಣದಲ್ಲಿ ಬರೆದಿದ್ದಾರೆ. ಆ ತೆಳು ಬಣ್ಣಗಳಲ್ಲಿ ಹುಡುಗನ ಒಂಟಿತನ ಎದೆಗೆ ತಾಕುತ್ತದೆ. ದಯವಿಟ್ಟು ಮಾತಿಲ್ಲದ ಚೌಕಗಳನ್ನು ಹಾರಿಸಬೇಡಿ. ಬಲೂನಿನ ಮಾತನ್ನಷ್ಟೇ ಓದುತ್ತ ಹೋದರೆ ಪುಸ್ತಕ ಬೇಗ ಮುಗಿಯುತ್ತದೆ, ಕಥೆ ಕೈಗೆ ಹತ್ತುವುದಿಲ್ಲ. ‘ಅಸೆಂಡರ್’ ಇದರ ಮುಂದುವರಿಕೆ, ಅಲ್ಲಿಂದ ಶುರು ಮಾಡಬೇಡಿ.

ಸಾಹಸವೇ ಬೇಕೆಂದರೆ ‘ಪೇಪರ್ ಗರ್ಲ್ಸ್’. 1988ರ ನವೆಂಬರ್ 1ರ ಬೆಳಗಿನ ಜಾವ ಅಮೆರಿಕದ ಓಹಿಯೋದಲ್ಲಿ ಸೈಕಲ್ ಮೇಲೆ ಪೇಪರ್ ಹಾಕುವ ನಾಲ್ಕು ಹುಡುಗಿಯರು ಕಾಲಯಾನಿಗಳ ಯುದ್ಧದಲ್ಲಿ ಸಿಕ್ಕಿಬೀಳುತ್ತಾರೆ. ಅವರಲ್ಲೊಬ್ಬಳಾದ ಹನ್ನೆರಡರ ಎರಿನ್ ನಲವತ್ತರ ತನ್ನನ್ನೇ ಭೇಟಿಯಾಗುವ ಭಾಗಕ್ಕಾದರೂ ಇದನ್ನು ಓದಲೇಬೇಕು. ತಾನು ಹೀಗಾದೆನೇ ಎಂಬ ಆ ಮಗುವಿನ ನಿರಾಸೆಗೆ ಯಾವ ಯಂತ್ರದ ಚಮತ್ಕಾರವೂ ಸಾಟಿಯಿಲ್ಲ.

ಇದನ್ನು ಬರೆದ ಬ್ರಯಾನ್ ಕೆ. ವಾನ್ ಅವರ ‘ಸಾಗಾ’ ಇನ್ನೂ ಹೆಸರುವಾಸಿ. ಅದು ದೊಡ್ಡವರಿಗೆ ಮಾತ್ರ. ಮುಖಪುಟ ನೋಡಿ ಮಕ್ಕಳಿಗೆ ಕೊಡಿಸಬೇಡಿ. ಅವರಿಗೆ ಕಝು ಕಿಬುಯಿಶಿಯ ‘ಆಮ್ಯುಲೆಟ್’ ಕೊಡಿಸಿ. ಮಾಂತ್ರಿಕ ಹರಳಿನ ಜೊತೆ ರೋಬಾಟ್, ಹಾರುವ ಹಡಗು ಎಲ್ಲ ಇವೆ. ಒಂಬತ್ತನೆಯ ಸಂಪುಟ 2024ರಲ್ಲಿ ಬಂದು ಕಥೆ ಮುಗಿದಿದೆ, ಮುಂದಿನ ಭಾಗಕ್ಕೆ ಮಕ್ಕಳು ವರ್ಷಗಟ್ಟಲೆ ಕಾಯಬೇಕಿಲ್ಲ.