ಕತ್ತಲೆ ಕೋಣೆಯಲ್ಲಿ ಮುತ್ಯಾನ ಫೋಟೋ

 

ನಮ್ಮ ಹತ್ತನೇ ತರಗತಿ ವಿಜ್ಞಾನದ ಮೊದಲ ಪಾಠದಲ್ಲಿ ಸಿಲ್ವರ್ ಬ್ರೋಮೈಡ್ ವಿಷಯ ಬರುತ್ತದೆ. ಬೆಳಕು ಬಿದ್ದರೆ ಅದು ಒಡೆದು ಬೆಳ್ಳಿಯಾಗುತ್ತದೆ, ಕಪ್ಪು-ಬಿಳುಪು ಫೋಟೋಕ್ಕೆ ಇದೇ ಆಧಾರ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಈ ಬೇಸಿಗೆ ಸೂಟಿಯಲ್ಲಿ ನಾನು ಅದನ್ನು ಕಣ್ಣಾರೆ ನೋಡಿದೆ. ಹೇಗೆಂದು ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಮುತ್ಯಾನದು ಒಂದೇ ಫೋಟೋ ಇದೆ. ಅದು ಕಂದು ಬಣ್ಣಕ್ಕೆ ತಿರುಗಿ ಮುಖವೇ ಕಾಣದಂತಾಗಿದೆ. ಆಯಿ ದಿನಾ ಅದಕ್ಕೆ ಕುಂಕುಮ ಹಚ್ಚುತ್ತಾಳೆ. ನಮ್ಮ ಕಾಕಾ ಮೊದಲು ಮುಗಳಖೋಡದಲ್ಲೇ ಫೋಟೋ ತೆಗೆಯುತ್ತಿದ್ದರು. ಕಲರ್ ಲ್ಯಾಬ್ ಬಂದ ಮೇಲೆ ಆ ಕೆಲಸ ಬಿಟ್ಟರು. ಅಟ್ಟ ಸ್ವಚ್ಛ ಮಾಡುವಾಗ ಒಂದು ಡಬ್ಬಿಯಲ್ಲಿ ಮುತ್ಯಾನ ನೆಗೆಟಿವ್ ಸಿಕ್ಕಿತು. ಎನ್‌ಲಾರ್ಜರ್ ಕೂಡ ಅಲ್ಲೇ ಇತ್ತು. ಹಾಳೆ ಮಾತ್ರ ಇರಲಿಲ್ಲ. ಕಾಕಾನ ಗೆಳೆಯರೊಬ್ಬರು ನಾಲ್ಕು ಹಾಳೆ ಕೊಟ್ಟರು. ನಾಲ್ಕೇ ನಾಲ್ಕು!

ಕೋಣೆ: ಕಿಟಕಿಗೆ ಎರಡು ಕೌದಿ ಕಟ್ಟಿದೆವು. ಬಾಗಿಲ ಸಂದಿಗೆ ಅರಿವಿ ತುರುಕಿದೆವು. ಒಳಗೆ ಕೆಂಪು ಬಲ್ಬು. ಫೋಟೋ ಹಾಳೆಯ ಮೇಲೆ ಕೆಂಪು ಬೆಳಕಿನ ಪರಿಣಾಮ ಆಗುವುದಿಲ್ಲ. ಆದರೆ ಎಲ್ಲಾ ಕೆಂಪು ಬಲ್ಬೂ ನಂಬಿಕೆಯವಲ್ಲ. ಹಾಳೆಯ ಚೂರಿನ ಮೇಲೆ ನಾಣ್ಯ ಇಟ್ಟು, ಬಲ್ಬಿನ ಕೆಳಗೆ ಐದು ನಿಮಿಷ ಬಿಟ್ಟು, ಔಷಧದಲ್ಲಿ ಅದ್ದಬೇಕು. ನಾಣ್ಯದ ಗುರುತು ಮೂಡಿದರೆ ಆ ಬಲ್ಬು ಕೆಲಸಕ್ಕೆ ಬಾರದು. ನಮ್ಮದು ಪಾಸಾಯಿತು.

ಔಷಧ: ಡೆವಲಪರ್‌ಗೆ ಕಾಕಾ ಹಳೆಯ ಡಿ-72 ಸೂತ್ರ ಹೇಳಿದರು. ಅರ್ಧ ಲೀಟರ್ ಬಿಸಿನೀರಿಗೆ ಕ್ರಮವಾಗಿ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45 ಗ್ರಾಂ, ಹೈಡ್ರೋಕ್ವಿನೋನ್ 12 ಗ್ರಾಂ, ಒಣ ಸೋಡಿಯಂ ಕಾರ್ಬೋನೇಟ್ 67.5 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ ಹಾಕಿ ಕರಗಿಸಬೇಕು. ಆಮೇಲೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಬೇಕು. ಬಳಸುವಾಗ ಒಂದು ಪಾಲು ಔಷಧಕ್ಕೆ ಎರಡು ಪಾಲು ನೀರು. ಮೆಟಾಲ್, ಹೈಡ್ರೋಕ್ವಿನೋನ್ ಎರಡೂ ಬೆಳಕು ತಾಗಿದ ಕಣಗಳನ್ನು ಬೆಳ್ಳಿ ಮಾಡುತ್ತವೆ. ಕಾರ್ಬೋನೇಟ್ ಅವಕ್ಕೆ ಬಲ ಕೊಡುತ್ತದೆ. ಸಲ್ಫೈಟ್ ಇದ್ದರೆ ಔಷಧ ಗಾಳಿಗೆ ಬೇಗ ಕೆಡುವುದಿಲ್ಲ. ಬ್ರೋಮೈಡ್ ಇದ್ದರೆ ಬಿಳಿ ಭಾಗ ಮಸುಕಾಗುವುದಿಲ್ಲ. ಎರಡನೇ ಟ್ರೇಯಲ್ಲಿ ತೆಳುವಾದ ಅಸಿಟಿಕ್ ಆಮ್ಲ, ಮೂರನೆಯದರಲ್ಲಿ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು 1819ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಜಾನ್ ಹರ್ಷೆಲ್.

ಡೆವಲಪರ್ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ನಮ್ಮ ಕಡೆ ಬ್ಯಾಸಿಗಿ ಹೆಂಗಿರ್ತದ ನಿಮಗ ಗೊತ್ತದ! ಅದಕ್ಕೆ ಟ್ರೇಯನ್ನು ಬರ್ಫಿನ ಪರಾತದಲ್ಲಿ ಇಟ್ಟೆವು.

ಮೊದಲ ಹಾಳೆ: ಇದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆವು. ನಾಣ್ಯದ ಪರೀಕ್ಷೆಗೂ ಇದರದೇ ಚೂರು. ಒಂದು ಪಟ್ಟಿಯನ್ನು ಎನ್‌ಲಾರ್ಜರ್ ಕೆಳಗೆ ಇಟ್ಟು, ಐದೈದು ಸೆಕೆಂಡಿಗೆ ರಟ್ಟು ಸರಿಸುತ್ತ ಹೋದೆವು. 5, 10, 15, 20 ಸೆಕೆಂಡಿನ ನಾಲ್ಕು ಗೆರೆ ಬಂದವು. 15 ಸರಿ ಅನಿಸಿತು.

ಎರಡನೇ ಹಾಳೆ: ಇದನ್ನು ಕೆಡಿಸಿದವನು ನಾನು. ಡೆವಲಪರ್‌ನಲ್ಲಿ ಬಿಳಿ ಹಾಳೆಯ ಮೇಲೆ ಮೊದಲು ಮೀಸೆ, ಆಮೇಲೆ ಕಣ್ಣು ಮೂಡಿದವು. ನನ್ನ ಎದೆ ಡವಡವ. ಕರ್ರಗ ಆಗಾಕತ್ತೇತಿ ಅಂತ ಹೆದರಿ ಮುಕ್ಕಾಲು ನಿಮಿಷಕ್ಕೇ ಚಿಮಟಾದಿಂದ ಎತ್ತಿಬಿಟ್ಟೆ. ಹೈಪೋ ಆದ ಮೇಲೆ ಲೈಟ್ ಹಚ್ಚಿ ನೋಡಿದರೆ ಮುತ್ಯಾ ಬೂದಿ ಬಳಿದಂಗ ಇದ್ದ. ಕೆಂಪು ಬೆಳಕಿನಲ್ಲಿ ಫೋಟೋ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ಕಣ್ಣು ನಂಬಬಾರದು, ಗಡಿಯಾರ ನಂಬಬೇಕು. ಪೂರ್ತಿ ಎರಡು ನಿಮಿಷ ಬೇಕು.

ಮೂರನೇ ಹಾಳೆ: ಮುಖ ಚಲೋ ಬಂತು. ಆದರೆ ರುಮಾಲು ಬರೀ ಬಿಳಿ, ಒಂದು ಸುತ್ತೂ ಕಾಣಲಿಲ್ಲ. ನೆಗೆಟಿವ್‌ನಲ್ಲಿ ರುಮಾಲಿನ ಭಾಗ ಬಹಳ ಕಪ್ಪಾಗಿರುವುದರಿಂದ ಅಲ್ಲಿ ಬೆಳಕು ಸಾಲದು.

ನಾಲ್ಕನೇ ಹಾಳೆ: ಇದೇ ಕೊನೆಯದು. “ಏ ತಮ್ಮಾ, ಈಗ ನೀನ ಮಾಡು” ಎಂದರು ಕಾಕಾ. “ಬ್ಯಾಡ ಕಾಕಾ, ನೀವ ಮಾಡ್ರಿ” ಅಂದೆ. ಅವರು ಕೇಳಲಿಲ್ಲ. ಇಡೀ ಹಾಳೆಗೆ 15 ಸೆಕೆಂಡ್ ಬೆಳಕು ಕೊಟ್ಟೆ. ನಂತರ ತೂತು ಮಾಡಿದ ರಟ್ಟು ಹಿಡಿದು ರುಮಾಲಿಗೆ ಮಾತ್ರ ಇನ್ನೂ 8 ಸೆಕೆಂಡ್ ಕೊಟ್ಟೆ. ಅಂಚು ಬೀಳಬಾರದೆಂದು ರಟ್ಟನ್ನು ಅಲ್ಲಾಡಿಸುತ್ತಲೇ ಇದ್ದೆ. ಡೆವಲಪರ್‌ನಲ್ಲಿ ಎರಡು ನಿಮಿಷ, ಆಮ್ಲದಲ್ಲಿ ಅರ್ಧ ನಿಮಿಷ, ಹೈಪೋದಲ್ಲಿ ಹತ್ತು ನಿಮಿಷ. ಮುಖವೂ ಬಂತು, ರುಮಾಲಿನ ಸುತ್ತೂ ಬಂದವು.

ನಾನು ಆಯಿಗೆ ತೋರಿಸಲು ಓಡಿದೆ. ಕಾಕಾ ಕೈ ಹಿಡಿದು ನಿಲ್ಲಿಸಿದರು. “ಮನಿಯಾಗಿನ ಆ ಹಳೇ ಫೋಟೋ ನಾನ ತೊಳದದ್ದು. ಲಗ್ನದ ಸೀಜನ್ ಇತ್ತು. ಹತ್ತ ನಿಮಿಷ ಸೈತ ನೀರಾಗ ಇಡಲಿಲ್ಲ. ಅದಕ್ಕ ಅದು ಹಂಗಾತು” ಎಂದರು. ಹಾಳೆಯಲ್ಲಿ ಹೈಪೋ ಉಳಿದರೆ ಅದರಲ್ಲಿನ ಗಂಧಕ ಬೆಳ್ಳಿಯ ಜೊತೆ ಸೇರಿ ಫೋಟೋ ಕಂದಾಗುತ್ತದೆ. ನಮ್ಮ ಹಾಳೆಗೆ ಪ್ಲಾಸ್ಟಿಕ್ ಲೇಪ ಇರಲಿಲ್ಲ, ಆದ್ದರಿಂದ ಒಂದು ತಾಸು ತೊಳೆಯಬೇಕು. ನಾವಿಬ್ಬರೂ ಬಕೆಟ್ ಹಿಡಿದು ನೀರು ಬದಲಿಸುತ್ತ ಕುಳಿತೆವು. ಕಾಕಾ ಆ ಒಂದು ತಾಸು ಮಾತಾಡಲಿಲ್ಲ.

ಒಣಗಿದ ಮೇಲೆ ಆಯಿ ನೋಡಿದಳು. ಬಹಳ ಹೊತ್ತು ನೋಡಿ, “ರುಮಾಲ ಹಿಂಗ ಸುತ್ತತಿದ್ರು” ಅಂದಳು. ಕಾಕಾನ ಕಡೆ ನೋಡಿ, “ಹಳೇದೂ ಇರಲಿ ಬಿಡು, ಬಾಜೂಕ ಇಡತೇನಿ” ಎಂದಳು.

ಇನ್ನೊಂದು ಮಾತು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಂಪನಿ ‘ಇಂದು’ ಹೆಸರಿನ ಫಿಲ್ಮು, ಹಾಳೆ ತಯಾರಿಸುತ್ತಿತ್ತು. ಈಗ ಅದು ಮುಚ್ಚಿದೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳು ಸಿಕ್ಕರೆ ತಪ್ಪದೆ ನೋಡಿರಿ. ಅವರಿಗೆ 1977ರಲ್ಲಿ ಪದ್ಮಶ್ರೀ ಬಂದಿತ್ತು.

ಎಚ್ಚರಿಕೆ: ಔಷಧಕ್ಕೆ ಅಡುಗೆ ಪಾತ್ರೆ ಬಳಸಬೇಡಿ. ಬರಿಗೈ ಹಾಕಬೇಡಿ, ಚರ್ಮಕ್ಕೆ ತೊಂದರೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಕಾಲುವೆಗೆ ಚೆಲ್ಲಬಾರದು. ದೊಡ್ಡವರಿಲ್ಲದೆ ಮಾಡಬಾರದು.

ಉತ್ತರ ಬರೆದು ಈ ಹಾಳೆಯ ಕೆಳಗೆ ಅಂಟಿಸಿರಿ:
1. ನೆಗೆಟಿವ್‌ನಲ್ಲಿ ಬಿಳಿ ರುಮಾಲು ಕಪ್ಪಾಗಿ ಕಾಣುವುದೇಕೆ?
2. ಹೈಪೋದಲ್ಲಿ ಅದ್ದದೆ ಫೋಟೋವನ್ನು ಬಿಸಿಲಿಗೆ ತಂದರೆ ಏನಾಗುತ್ತದೆ?
3. ನಿಮ್ಮ ಮನೆಯ ಹಳೆಯ ಫೋಟೋಗಳಲ್ಲಿ ಎಷ್ಟು ಕಂದಾಗಿವೆ? ಎಣಿಸಿ ಬರೆಯಿರಿ.

ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ವಿನಂತಿ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿ