300 ಗಂಟೆ ಓಡಿದ ಬೋಟ್ ಎಂಜಿನ್: ಹೊಸದೋ, ಹಳೆಯದೋ?

ಫ್ಲಾರಿಡಾದ ಟ್ಯಾಂಪಾ ಕಡೆಯ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಮೂವರು ಗೆಳೆಯರು ಸೇರಿ ಸೆಕೆಂಡ್ ಹ್ಯಾಂಡ್ ಸ್ಪೀಡ್‌ಬೋಟ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ಎರಡು ದೊಡ್ಡ ವಿ8 ಪೆಟ್ರೋಲ್ ಎಂಜಿನ್, ಒಂದೊಂದೂ 500 ಹಾರ್ಸ್‌ಪವರ್. ಮೀಟರ್ 300 ಗಂಟೆ ತೋರಿಸುತ್ತಿದೆ. ಮಾರುವವರು ‘ಎಂಜಿನ್ ಹೊಸದರ ಹಾಗೇ ಇದೆ’ ಅಂತಾರಂತೆ. ನಂಬಬಹುದಾ?

ಕಾರಿನ ಲೆಕ್ಕದಲ್ಲಾದರೆ ನಂಬಬೇಕು ಅನ್ನಿಸುತ್ತೆ. ಗಂಟೆಗೆ ಸರಾಸರಿ 50 ಕಿ.ಮೀ. ಅಂತಿಟ್ಟುಕೊಂಡರೆ 300 ಗಂಟೆಗೆ 15,000 ಕಿ.ಮೀ. ಅಷ್ಟು ಓಡಿದ ಕಾರಿನ ಸೀಟಿನಿಂದ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದವರು ನಮ್ಮಲ್ಲಿದ್ದಾರೆ! ಆದರೆ ದೋಣಿಯ ಒಂದು ಗಂಟೆ, ಕಾರಿನ ಒಂದು ಗಂಟೆ, ಎರಡೂ ಒಂದೇ ಅಲ್ಲ.

ಸಮತಟ್ಟಾದ ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಹೋಗಲು ಸಾಧಾರಣ ಕಾರಿಗೆ ಸುಮಾರು 20ರಿಂದ 25 ಹಾರ್ಸ್‌ಪವರ್ ಸಾಕು. ಎಂಜಿನ್ನಿನ ಶಕ್ತಿ 150 ಇದ್ದರೂ ಬಹುಪಾಲು ಹೊತ್ತು ಅದು ತೂಕಡಿಸುತ್ತಿರುತ್ತೆ. ಇಳಿಜಾರು ಬಂದರೆ ಇನ್ನೂ ಆರಾಮ. ನೀರಿನಲ್ಲಿ ಇಳಿಜಾರಿಲ್ಲ. ಥ್ರಾಟಲ್ ಬಿಟ್ಟ ಕೂಡಲೇ ದೋಣಿ ನಿಲ್ಲತೊಡಗುತ್ತದೆ. ವೇಗದ ದೋಣಿಯೊಂದು ಹಾಯಾಗಿ ಸಾಗುತ್ತಿದೆ ಅಂತ ನಮಗೆ ಕಂಡಾಗಲೂ ಎಂಜಿನ್ ತನ್ನ ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಶಕ್ತಿಯನ್ನು ಎಡೆಬಿಡದೆ ಕೊಡುತ್ತಿರುತ್ತದೆ. ಲೋಡ್ ಆದ ಲಾರಿ ಶಿರಾಡಿ ಘಾಟಿ ಹತ್ತುವಾಗಿನ ಕೂಗು ನೆನಪಿದೆಯಲ್ವಾ? ಅದೇ ಸ್ಥಿತಿ, ಆದರೆ ಈ ಘಾಟಿ ಮುಗಿಯುವುದಿಲ್ಲ.

ಇಲ್ಲಿ ಪ್ರೊಪೆಲ್ಲರ್‌ನ ಒಂದು ನಿಯಮ ಗೊತ್ತಿರಬೇಕು. ಅದನ್ನು ತಿರುಗಿಸಲು ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಗರಿಷ್ಠ ಆರ್‌ಪಿಎಂನ 80 ಶೇಕಡಾದಲ್ಲಿ ಓಡಿಸಿದರೆ ಹೊರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಅದೇ 300 ಗಂಟೆ ಇಬ್ಬರು ಮಾಲೀಕರ ಕೈಯಲ್ಲಿ ಎರಡು ಬೇರೆ ಬೇರೆ ವಯಸ್ಸು. ಈಚಿನ ಹಲವು ಎಂಜಿನ್‌ಗಳ ಕಂಪ್ಯೂಟರ್, ಯಾವ ಆರ್‌ಪಿಎಂ ವ್ಯಾಪ್ತಿಯಲ್ಲಿ ಎಷ್ಟು ಗಂಟೆ ಓಡಿದೆ ಅನ್ನೋದನ್ನ ಬರೆದಿಟ್ಟುಕೊಂಡಿರುತ್ತದೆ. ಮೊದಲು ಆ ದಾಖಲೆ ಕೇಳಿ. ಕೊಡಲು ಹಿಂಜರಿದರೆ ಅದೂ ಒಂದು ಉತ್ತರವೇ.

ಇನ್ನು ಎಂಜಿನ್ ಒಳಗಿನ ಭಾಗಗಳು. ಇವುಗಳಲ್ಲಿ ಎರಡು ಜಾತಿ ಅಂತ ನಾವು ಅಂದುಕೊಳ್ಳೋದು: ನೋಟಿಸ್ ಕೊಟ್ಟು ಕೆಡುವವು, ನೋಟಿಸ್ ಕೊಡದೆ ಕೆಡುವವು. ಕ್ರ್ಯಾಂಕ್‌ಶಾಫ್ಟ್ ಬೇರಿಂಗ್ ಮೊದಲ ಜಾತಿ. ಸವೆಯುತ್ತಾ ಹೋದಂತೆ ತಾಮ್ರ, ಸೀಸದ ಕಣಗಳು ಆಯಿಲ್‌ಗೆ ಸೇರುತ್ತವೆ. ಅಲ್ಯೂಮಿನಿಯಂ ಹೆಚ್ಚಿದ್ದರೆ ಪಿಸ್ಟನ್ ಮೇಲೆ ಅನುಮಾನ, ಸೋಡಿಯಂ ಕಂಡರೆ ಸಮುದ್ರದ ನೀರು ಒಳಗೆ ಬಂದಿರಬಹುದು. ನಮ್ಮ ರಕ್ತಪರೀಕ್ಷೆಯ ಹಾಗೆಯೇ ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಬಹುದು. ಒಂದು ಎಚ್ಚರಿಕೆ: ‘ನಿನ್ನೆ ತಾನೇ ಆಯಿಲ್ ಬದಲಾಯಿಸಿದ್ದೇವೆ’ ಅಂದರೆ ಖುಷಿಪಡಬೇಡಿ. ಹೊಸ ಆಯಿಲ್ ಏನನ್ನೂ ಹೇಳುವುದಿಲ್ಲ.

ವಾಲ್ವ್ ಸ್ಪ್ರಿಂಗ್ ಎರಡನೇ ಜಾತಿ. ಲೆಕ್ಕ ಹಾಕೋಣ. 4,000 ಆರ್‌ಪಿಎಂನಲ್ಲಿ ಒಂದು ವಾಲ್ವ್ ನಿಮಿಷಕ್ಕೆ 2,000 ಸಲ ತೆರೆಯುತ್ತದೆ. ಗಂಟೆಗೆ 1,20,000 ಸಲ. 300 ಗಂಟೆಗೆ 3 ಕೋಟಿ 60 ಲಕ್ಷ ಸಲ! ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಒಂದು ಹೊತ್ತಿನಲ್ಲಿ ಪಟ್ ಅಂತ ಮುರಿಯುತ್ತಲ್ಲ, ಸ್ಪ್ರಿಂಗ್‌ನ ದಣಿವೂ ಹಾಗೆಯೇ. ಹಿಂದಿನ ದಿನ ಸದ್ದಿಲ್ಲ, ಆಯಿಲ್‌ನಲ್ಲಿ ಸುಳಿವಿಲ್ಲ. ಮುರಿದರೆ ವಾಲ್ವ್ ಕೆಳಗೆ ಬಿದ್ದು ಪಿಸ್ಟನ್‌ಗೆ ಬಡಿಯುತ್ತದೆ. ಇಡೀ ಎಂಜಿನ್ ಹೋದ ಹಾಗೆ. ಅದಕ್ಕೇ ಇದನ್ನು ಕೆಟ್ಟ ಮೇಲಲ್ಲ, ತಯಾರಕರು ಹೇಳಿದ ಗಂಟೆ ತುಂಬಿದ ಕೂಡಲೇ ಬದಲಾಯಿಸುವುದು. ಚೆನ್ನಾಗಿರೋ ಸ್ಪ್ರಿಂಗ್ ಬಿಸಾಡಬೇಕಾ ಅಂತ ಕೇಳಬಹುದು. ಹೌದು, ಬಿಸಾಡಬೇಕು.

ಆದರೆ ಫ್ಲಾರಿಡಾದಲ್ಲಿ ನಮ್ಮ ದೊಡ್ಡ ಭಯ ಇದ್ಯಾವುದೂ ಅಲ್ಲ. ಉಪ್ಪುನೀರು. ಈ ಎಂಜಿನ್‌ಗಳಿಗೆ ಕಾರಿನ ಹಾಗೆ ಗಾಳಿ ಬಡಿಯುವ ರೇಡಿಯೇಟರ್ ಇಲ್ಲ, ತಂಪು ಮಾಡುವುದು ಸಮುದ್ರವೇ. ಎಂಜಿನ್ ಒಳಗೆ ಕೂಲಂಟ್ ಓಡುವ ವ್ಯವಸ್ಥೆ ಇದ್ದರೂ, ಸಾಮಾನ್ಯವಾಗಿ ಕೊನೆಯಲ್ಲಿ ಸಮುದ್ರದ ನೀರನ್ನು ಬಿಸಿ ಹೊಗೆಯ ಜೊತೆ ಬೆರೆಸಿ ಹೊರಗೆ ಹಾಕುತ್ತಾರೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಕೂರುವ ರೈಸರ್ ಎಂಬ ಬಾಗಿದ ಕೊಳವೆಯಲ್ಲಿ ಒಂದು ಗೋಡೆಯ ಆಚೆ ಹೊಗೆ, ಈಚೆ ಉಪ್ಪುನೀರು. ಆ ಗೋಡೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಫಳಫಳ ಅಂತಾನೇ ಇರುತ್ತೆ. ತೂತು ಬಿದ್ದ ದಿನ ನೀರು ಎಕ್ಸಾಸ್ಟ್ ವಾಲ್ವ್ ಮೂಲಕ ಸಿಲಿಂಡರ್‌ಗೆ ಇಳಿಯುತ್ತದೆ. ನೀರು ಅದುಮಿದರೆ ಕುಗ್ಗುವ ವಸ್ತುವಲ್ಲ. ಸ್ಟಾರ್ಟ್ ಮಾಡಿದರೆ ಬಾಗುವುದು ಕನೆಕ್ಟಿಂಗ್ ರಾಡ್.

ಹೆಚ್ಚು ಶಕ್ತಿಯ ಎಂಜಿನ್‌ಗಳಲ್ಲಿ ಇನ್ನೊಂದು ದಾರಿಯೂ ಇದೆ. ಮೇಲಿನ ಆರ್‌ಪಿಎಂನಲ್ಲಿ ಉಸಿರಾಟ ಚೆನ್ನಾಗಿರಲಿ ಅಂತ ಇವುಗಳ ಕ್ಯಾಮ್, ಒಳಬರುವ ಮತ್ತು ಹೊರಹೋಗುವ ವಾಲ್ವ್‌ಗಳೆರಡನ್ನೂ ಕೊಂಚ ಹೊತ್ತು ಒಟ್ಟಿಗೇ ತೆರೆದಿಡುತ್ತದೆ. ಐಡಲ್‌ನಲ್ಲಿ ಇದೇ ಮುಳುವು. ಹೊಗೆಯ ಅಲೆ ಹಿಂದಕ್ಕೆ ಹೊರಳಿ, ಜೊತೆಗೆ ನೀರಿನ ಹನಿಗಳನ್ನೂ ಎಳೆದು ತರಬಹುದು. ಶರವೇಗಕ್ಕೆಂದೇ ಕಟ್ಟಿದ ಎಂಜಿನ್‌ಗೆ ದಕ್ಕೆಯ ಬಳಿಯ ನಿಧಾನಗತಿಯಲ್ಲೇ ಹಾನಿ! ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿನಲ್ಲಿ ಪುಟ್ಟ ಕ್ಯಾಮೆರಾ ಇಳಿಸಿ ನೋಡಿದರೆ ವಾಲ್ವ್ ಮೇಲೆ ತುಕ್ಕು ಇದೆಯೋ ಇಲ್ಲವೋ ತಿಳಿಯುತ್ತದೆ. ನಮ್ಮನ್ನು ಕೇಳಿದರೆ ಈ ಪರೀಕ್ಷೆ ಬಿಡಲೇಬಾರದು.

ಹಾಗಾಗಿ 300 ಗಂಟೆ ಎಷ್ಟು ವರ್ಷದಲ್ಲಿ ಆಯಿತು ಅಂತಲೂ ಕೇಳಬೇಕು. ನಾಲ್ಕು ವರ್ಷದಲ್ಲಾಗಿದ್ದು, ಪ್ರತಿ ಸಲ ಸಿಹಿನೀರು ಹಾಯಿಸಿ ತೊಳೆದಿದ್ದರೆ ಒಳ್ಳೆಯದು. ಹದಿನೈದು ವರ್ಷದಲ್ಲಾಗಿದ್ದರೆ ನಮಗೆ ಅನುಮಾನ ಜಾಸ್ತಿ. ಸುಮ್ಮನೆ ನಿಂತ ದೋಣಿಯಲ್ಲಿ ನೀರೆತ್ತುವ ಪಂಪಿನ ರಬ್ಬರ್ ಇಂಪೆಲ್ಲರ್ ಬಾಗಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರಿ, ಕೊನೆಗೆ ನೀರಿನ ಪದರವಾಗಿ ಟ್ಯಾಂಕಿನ ತಳ ಸೇರುತ್ತದೆ. ರೈಸರ್ ಕೊನೆಯ ಸಲ ಬದಲಾಯಿಸಿದ್ದು ಯಾವಾಗ? ಬಿಲ್ ತೋರಿಸದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಿಡಿದು, ಹೊಸದರ ಖರ್ಚನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಿ.

ಕೊಂಡ ಮೇಲೆ ‘ಕಾರಿನ ಸ್ಟಾರ್ಟರ್ ಅಗ್ಗ, ಬೋಲ್ಟ್ ಕೂಡ ಸರಿಯಾಗಿ ಕೂರುತ್ತೆ’ ಅಂತ ಯಾರಾದರೂ ಸಲಹೆ ಕೊಡಬಹುದು. ಕೇಳಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ನಿಲ್ಲುತ್ತದೆ. ಬೋಟಿನ ಸ್ಟಾರ್ಟರ್ ಮತ್ತು ಆಲ್ಟರ್ನೇಟರ್‌ಗಳನ್ನು ಕಿಡಿ ಹೊರಗಿನ ಆವಿಗೆ ತಾಗದ ಹಾಗೆ ಮಾಡಿರುತ್ತಾರೆ. ಕಾರಿನದಕ್ಕೆ ಆ ರಕ್ಷಣೆ ಇಲ್ಲ. ಪರೀಕ್ಷೆಗೆ ಅಂತ ಓಡಿಸಿ ನೋಡುವ ದಿನವೂ ಅಷ್ಟೇ: ಎಂಜಿನ್ ಕೋಣೆಯ ಮುಚ್ಚಳ ತೆಗೆದು ಮೂಸಿ ನೋಡಿ, ವಾಸನೆ ಇಲ್ಲದಿದ್ದರೂ ಬ್ಲೋವರ್ ಹಾಕಿ ನಾಲ್ಕು ನಿಮಿಷ ಕಾಯಿರಿ. ಕೀಲಿ ತಿರುಗಿಸುವುದು ಆಮೇಲೆ.

ಟ್ಯಾಂಪಾದ ಗೆಳೆಯರೇ, ಆಯಿಲ್ ವರದಿ ಬಂದ ಮೇಲೆ ನಮಗೂ ಕಳಿಸಿ, ಒಟ್ಟಿಗೆ ಕೂತು ಓದೋಣ.