ಮಾಂಸಕ್ಕಾಗಿ ಮೊಲ: ಯಾವ ತಳಿ ತರಬೇಕು?

ಸಂಘದ ಸಾಲ ತೆಗೆದು ಮೊಲ ಸಾಕಬೇಕೆನ್ನುವ ತಾಯಂದಿರು ಮೊದಲು ಕೇಳುವುದು, "ಯಾವ ತಳಿ ದೊಡ್ಡದಾಗ್ತದ್ರಿ?" ಅಂತ. ನಮ್ಮ ಯಡ್ರಾಮಿ ಭಾಗದಲ್ಲಿ ಕೇಳಬೇಕಾದದ್ದು, "ಯಾವುದು ಬಿಸಿಲು ತಾಳ್ತದ?" ಅಂತ.

ಇಲ್ಲಿ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಲ ನಮ್ಮಂತೆ ಬೆವರುವುದಿಲ್ಲ, ಮೈಯ ಕಾವನ್ನು ಹೆಚ್ಚಾಗಿ ಕಿವಿಯ ಮೂಲಕ ಹೊರಹಾಕುತ್ತದೆ. ದಿನಗಟ್ಟಲೆ 30 ಡಿಗ್ರಿ ಮೀರಿದರೆ ಗಂಡಿನ ಸಂತಾನಶಕ್ತಿ ಕುಗ್ಗುತ್ತದೆ. ಮೈ ದೊಡ್ಡದಾದಷ್ಟೂ ಸೆಕೆ ತಡೆಯುವುದು ಕಷ್ಟ. ಆದ್ದರಿಂದ ಗ್ರೇ ಜೈಂಟ್, ವೈಟ್ ಜೈಂಟ್‌ಗಳಿಗಿಂತ ನ್ಯೂಜಿಲೆಂಡ್ ವೈಟ್ ಅಥವಾ ಅದರ ಮಿಶ್ರತಳಿ ನಮಗೆ ವಾಸಿ. ಅಂಗೋರಾ ತುಪ್ಪಟಕ್ಕೆ, ತಂಪು ನಾಡಿಗೆ, ಅದು ಬ್ಯಾಡ್ರಿ.

ವೈಟ್ ಜೈಂಟ್, ನ್ಯೂಜಿಲೆಂಡ್ ವೈಟ್ ಎರಡೂ ಬಿಳಿ, ಎರಡರ ಕಣ್ಣೂ ಕೆಂಪು. ಬಣ್ಣ ನೋಡಿ ಮೋಸ ಹೋಗಬೇಡಿ. ತಳಿಯ ಹೆಸರಿಗಿಂತ, ಬಯಲುಸೀಮೆಯಲ್ಲೇ ಒಂದು ಬೇಸಿಗೆ ಕಳೆದ ಮೊಲವೇ ಮೇಲು. ಒಂದು ಗಂಡು, ಮೂರು ಹೆಣ್ಣು ಸಾಕು; ಗಂಡು ಬೇರೆ ಮನೆಯದಿರಲಿ. ದೀಪಾವಳಿ ಹೊತ್ತಿಗೆ ತಂದರೆ ಚಳಿಗಾಲದಲ್ಲಿ ಮರಿ ಪಡೆಯಬಹುದು. ಗಬ್ಬದ ಅವಧಿ ಸುಮಾರು 31 ದಿನ. ಚೆನ್ನಾಗಿ ಮೇಯಿಸಿದ ಮರಿ ಮೂರು ತಿಂಗಳಿಗೆ ಎರಡು ಕಿಲೋ ಹತ್ತಿರ ತೂಗುತ್ತದೆ. ಏಪ್ರಿಲ್, ಮೇನಲ್ಲಿ ಗಂಡು ಬಿಡಬೇಡಿ. ಗೂಡು ಬೇವಿನ ನೆರಳಲ್ಲಿರಲಿ, ಮೇಲೆ ಕಣಿಕೆ ಹೊದಿಸಿರಿ.

ಹೊಲದ ಕಾಡುಮೊಲ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಅದು ಬೇರೆಯೇ ಜಾತಿ, ಸಾಕುಮೊಲದೊಂದಿಗೆ ಮರಿಯೂ ಆಗುವುದಿಲ್ಲ.

ಗೂಡು ಕಟ್ಟುವ ಮೊದಲೇ ಜೇವರ್ಗಿ, ಕಲಬುರಗಿಯಲ್ಲಿ ಮಾಂಸ ಕೊಳ್ಳುವವರು ಯಾರೆಂದು ವಿಚಾರಿಸಿ ಬನ್ನಿ. "ಮರಿ ನಾವೇ ವಾಪಸ್ ತಗೋತೀವಿ" ಅಂತ ಹೇಳಿ ದುಬಾರಿ ಜೋಡಿ ಮಾರುವವರು ಬಂದರೆ, ಆ ಮಾತನ್ನು ಕಾಗದದ ಮೇಲೆ ಬರೆಸಿಕೊಂಡೇ ಹಣ ಕೊಡಿ.